ಬಾಣಂತಿಗೆ ಯಾರೂ ಕೇಳದ ಪ್ರಶ್ನೆ

“ಹೆರಿಗಿ ಆದ ಮನಿಗೆ ಆರು ಸಲ ಹೋಗಬೇಕ್ರಿ ನಾವು. ಮೂರನೇ ದಿನ, ಏಳನೇ ದಿನ, ಆಮ್ಯಾಲೆ 14, 21, 28, ಕಡೀಕ 42. ಕೂಸಿನ ತೂಕ ನೋಡತೀನಿ, ಮೈ ಬಿಸಿ ಐತೇನು ನೋಡತೀನಿ, ಹೊಕ್ಕಳಾ ನೋಡತೀನಿ, ಹಾಲು ಕುಡೀತೈತೇನು ಕೇಳತೀನಿ. ತಾಯಿಗೆ ಜ್ವರ ಬಂದಾವೇನು, ರಕ್ತ ಭಾಳ ಹೋಗಾಕತ್ತೈತೇನು ಅಂತಾನೂ ಕೇಳತೀನಿ. ಆದ್ರ ಕೆಮ್ಮಿದ್ರ ಸೀರಿ ಹಸಿ ಆಗತೈತೇನವ್ವಾ ಅಂತ ಇವತ್ತಿನ ತನಕ ಯಾರಿಗೂ ಕೇಳಿಲ್ಲ. ಅವರೂ ಹೇಳಿಲ್ಲ.”

ಮಾತು ಸಿಂಗಟಾಲೂರು ಕಡೆಯ ಒಬ್ಬ ಆಶಾ ಕಾರ್ಯಕರ್ತೆಯದು. ಎದುರಿಗೆ ಕುಳಿತವರು ಗದಗಿನಲ್ಲಿ ಸ್ತ್ರೀರೋಗ ನೋಡುವ ವೈದ್ಯೆ. ಒಬ್ಬರು ವಯಸ್ಸಿನಲ್ಲಿ ಹಿರಿಯರು, ಇನ್ನೊಬ್ಬರು ಓದಿನಲ್ಲಿ. ಹಾಗಾಗಿ ಇವರಿಗೆ ಅವರು ‘ಮೇಡಮ್ಮಾರ’, ಅವರಿಗೆ ಇವರು ‘ಅಕ್ಕಾರ’. ಹೆಸರಿನ ಹಂಗಿಲ್ಲದೆ ಇಂಥ ಇಬ್ಬರನ್ನು ಅಂಗನವಾಡಿಯ ಕಟ್ಟೆಯ ಮೇಲೆ ಮಾತಿಗೆ ಕೂರಿಸಿದರೆ ಸಂಭಾಷಣೆ ಹೀಗೆ ಸಾಗುತ್ತದೆ.

ಸಿಂಗಟಾಲೂರು ಮುಂಡರಗಿ ತಾಲೂಕಿನ, ತುಂಗಭದ್ರೆಯ ದಂಡೆಯ ಊರು. ವೀರಭದ್ರೇಶ್ವರನ ಗುಡಿಯಿಂದಾಗಿ ಭಕ್ತರಿಗೆ, ಹಮ್ಮಿಗಿ ಹತ್ತಿರದ ಬ್ಯಾರೇಜಿನ ಏತ ನೀರಾವರಿ ಯೋಜನೆಯಿಂದಾಗಿ ರೈತರಿಗೆ ಆ ಹೆಸರು ಪರಿಚಿತ. ಸುತ್ತಲಿನ ಹೊಲಗಳಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಶೇಂಗಾ, ಜೋಳ, ಕಡಲೆ. ಕಳೆ ತೆಗೆಯುವುದು, ಬಿಡಿಸುವುದು, ಬುಟ್ಟಿ ಹೊರುವುದು, ಮೇವಿನ ಹೊರೆ ತರುವುದು ಹೆಚ್ಚಾಗಿ ಹೆಂಗಸರ ಪಾಲು. ಬಗ್ಗಿ, ಎದ್ದು, ಭಾರ ಎತ್ತುವ ಈ ಎಲ್ಲ ಕೆಲಸಗಳೂ ಹೊಟ್ಟೆಯೊಳಗಿನ ಒತ್ತಡವನ್ನು ಕೆಳಕ್ಕೆ ತಳ್ಳುತ್ತವೆ. ಹೆರಿಗೆಯಾದ ಹೆಣ್ಣಿನ ಮೂತ್ರದ ಹಿಡಿತ ಸೋಲುವುದು ಇಂಥ ಗಳಿಗೆಗಳಲ್ಲೇ.

“ಹೇಳಲಿಲ್ಲ ಅಂದಮಾತ್ರಕ್ಕ ಇಲ್ಲ ಅಂತ ತಿಳೀಬ್ಯಾಡ್ರಿ ಅಕ್ಕಾರ,” ಎಂದರು ವೈದ್ಯೆ. “ನೀವು ನೋಡಿದ ಮೂರು ಬಾಣಂತ್ಯಾರೊಳಗ ಒಬ್ಬಾಕಿಗೆ ಇದು ಇದ್ದಿರಬೇಕು.”

“ಮೂರಕ್ಕೊಬ್ಬಾಕಿ? ಅಷ್ಟು ಮಂದಿ ಏನ್ರಿ?”

ಅಷ್ಟೇ ಮಂದಿ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ, ಹೆರಿಗೆಯ ನಂತರದ ಮೊದಲ ಮೂರು ತಿಂಗಳಲ್ಲಿ ಶೇ 33ರಷ್ಟು ತಾಯಂದಿರಿಗೆ ಒಂದಲ್ಲ ಒಂದು ಪ್ರಮಾಣದ ಮೂತ್ರ ಸೋರಿಕೆ ಇರುತ್ತದೆ. ಸಹಜ ಹೆರಿಗೆಯಾದವರಲ್ಲಿ ಅದು ಸಿಜೇರಿಯನ್ ಆದವರಿಗಿಂತ ಸುಮಾರು ಎರಡು ಪಟ್ಟು. ಕೆಲವರಿಗೆ ವಾರಕ್ಕೊಮ್ಮೆ ಎರಡು ಹನಿ, ಕೆಲವರಿಗೆ ದಿನಕ್ಕೆ ನಾಲ್ಕು ಸಲ ಬಟ್ಟೆ ಬದಲಿಸುವ ಪಾಡು.

ಆಶಾ ಕಾರ್ಯಕರ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. “ಹಂಗಾರ ಹೋದ ವರ್ಷ ನಾ ಹೋಗಿ ಬಂದ ಮನಿಯಾಗ ಎಷ್ಟು ಮಂದಿ ಇದ್ದಿರಬೇಕು! ಒಬ್ಬಾಕಿನೂ ಬಾಯಿ ಬಿಡಲಿಲ್ಲಲ್ರಿ.”

“ಅತ್ತಿ ಪಕ್ಕದಾಗ ಕುಂತಿರತಾಳ. ಬಾಗಲದಾಗ ಮಾವ ನಿಂತಿರತಾನ. ಹೆಂಗ ಹೇಳಬೇಕು? ಹೇಳಿದ್ರೂ ಅತ್ತಿ ಏನಂತಾಳ ಹೇಳ್ರಿ ನೋಡೋಣು.”

“ನಮಗೂ ಆಗತಿತ್ತವ್ವಾ, ಹಡದ ಮ್ಯಾಲೆ ಎಲ್ಲಾರಿಗೂ ಆಗೂದ ಅದು, ಅಂತಾಳ್ರಿ.”

“ಆಕಿ ಹೇಳೂದು ಸುಳ್ಳಲ್ಲ. ಭಾಳ ಮಂದಿಗೆ ಆಗತೈತಿ. ಆದ್ರ ಭಾಳ ಮಂದಿಗೆ ಆಗತೈತಿ ಅಂತ ಅದನ್ನ ಹಂಗ ಬಿಡಬೇಕಂತೇನೂ ಇಲ್ಲ. ರಕ್ತ ಕಡಿಮಿ ಇರೂದೂ ಭಾಳ ಮಂದಿಗೆ ಐತಿ. ಅದಕ್ಕ ಗುಳಿಗಿ ಕೊಡತೀರಲ್ಲ?”

ಆಶಾ ಕಾರ್ಯಕರ್ತೆಗೆ ಈಗ ಕಾರಣ ಬೇಕಾಯಿತು. ಹಡೆಯುವುದು ಗರ್ಭಚೀಲದ ಕೆಲಸ, ಸೋರುವುದು ಮೂತ್ರಚೀಲ. ಎರಡಕ್ಕೂ ಏನು ಸಂಬಂಧ?

ವೈದ್ಯೆ ಅಂಗನವಾಡಿಯ ಗೋಡೆಗೆ ಒರಗಿಸಿದ್ದ ಹೊರಸಿನ ಕಡೆ ಕೈ ತೋರಿಸಿದರು. “ಅದರ ನುಲಿ ನೋಡ್ರಿ. ಮುಂದಿನ ಎಲುಬಿನಿಂದ ಹಿಂದ ಬಾಲದ ಎಲುಬಿನ ತನಕ ನಮ್ಮ ಮೈಯಾಗೂ ಹಿಂಗ ಮಾಂಸದ ಹಾಸು ಬಿಗಿದೈತಿ. ಮೂತ್ರಚೀಲ, ಗರ್ಭಚೀಲ, ಗುದನಾಳ ಮೂರೂ ಅದರ ಮ್ಯಾಲೆ ಕುಂತಾವ. ಒಂಬತ್ತು ತಿಂಗಳು ಭಾರ ಹೊತ್ತು ಅದು ಜೋತು ಬೀಳತೈತಿ. ಹೆರಿಗಿ ಮುಂದ ಕೂಸಿನ ತಲಿ ಅದರ ನಡುವಿನಿಂದನ ದಾಟಿ ಬರಬೇಕು.”

ಆ ದಾಟುವಿಕೆ ಎಷ್ಟು ಕಠಿಣವೆಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಕಂಪ್ಯೂಟರ್ ಮಾದರಿಯೊಂದರಲ್ಲಿ ಅಳೆದರು. ಶ್ರೋಣಿಯ ತಳದ ಸ್ನಾಯುವಿನ ಒಂದು ಭಾಗ ತನ್ನ ಮೂಲ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಬೇಕಾಗುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ದೇಹದ ಬೇರಾವ ಸ್ನಾಯುವೂ ಅಷ್ಟು ಹಿಗ್ಗಿದರೆ ಹರಿಯುತ್ತದೆ. ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳು ಅಂಗಾಂಶವನ್ನು ಮೃದುಗೊಳಿಸಿರುವುದರಿಂದ ಬಹುತೇಕರಲ್ಲಿ ಹರಿಯದೆ ಹಿಗ್ಗುತ್ತದೆ. ಕೆಲವರಲ್ಲಿ ಎಲುಬಿನಿಂದಲೇ ಕಿತ್ತು ಬರುತ್ತದೆ. ಅದೇ ಜಾಗದಲ್ಲಿ ಹಾದುಹೋಗುವ ನರವೂ ಜಗ್ಗುತ್ತದೆ. ಹೆರಿಗೆ ತುಂಬ ಹೊತ್ತು ನಡೆದರೆ, ಇಕ್ಕಳ ಹಾಕಿ ಮಗುವನ್ನು ತೆಗೆದರೆ, ಮಗು ದಪ್ಪವಿದ್ದರೆ, ಹರಿದ ಗಾಯ ಗುದದ್ವಾರದವರೆಗೆ ಹೋದರೆ ಪೆಟ್ಟು ಹೆಚ್ಚು.

“ಹಂಗಾರ ಸಿಜೇರಿಯನ್ನ ಚಲೋ ಆತಲ್ರಿ?” ಆಶಾ ಕಾರ್ಯಕರ್ತೆಯ ಮುಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು ಈಗ ಹಳ್ಳಿಯಲ್ಲೂ ಕೇಳುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇ 31.5 ಸಿಜೇರಿಯನ್. ವೈದ್ಯೆ ನಾರ್ವೆಯ ಲೆಕ್ಕ ಹೇಳಿದರು. ಅಲ್ಲಿ 15 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಡೆಯದೇ ಇದ್ದವರಲ್ಲೂ ಶೇ 10ರಷ್ಟು ಮಂದಿಗೆ ಸೋರಿಕೆ ಇತ್ತು. ಸಿಜೇರಿಯನ್ ಆದವರಲ್ಲಿ ಅದು ಶೇ 16, ಸಹಜವಾಗಿ ಹಡೆದವರಲ್ಲಿ ಶೇ 21.

“ಅಂದ್ರ ಹೊಟ್ಟಿ ಕೊಯ್ಸಿಕೊಂಡ್ರೂ ಪೂರಾ ತಪ್ಪಂಗಿಲ್ಲ. ಒಂಬತ್ತು ತಿಂಗಳ ಭಾರ ಹೊತ್ತದ್ದು ಎಲ್ಲಿ ಹೋಗಬೇಕು? ಐದು ಪೈಸೆ ಲಾಭಕ್ಕ ಹೊಟ್ಟಿ ಮ್ಯಾಲಿನ ಗಾಯ, ಮುಂದಿನ ಬಸುರಿನಾಗಿನ ತ್ರಾಸು, ಇಷ್ಟೆಲ್ಲಾ ತಗೊಳ್ಳೂದು ಶಾಣ್ಯಾತನ ಅಲ್ಲ. ಸಿಜೇರಿಯನ್ ಬೇಕಾದಾಗ ಜೀವ ಉಳಸತೈತಿ. ಇದಕ್ಕಂತ ಮಾಡಿಸಿಕೊಳ್ಳೂದು ಬ್ಯಾಡ.”

ಸೋರಿಕೆಯಲ್ಲೂ ಬಗೆಗಳಿವೆ. ಕೆಮ್ಮಿದರೆ, ಸೀನಿದರೆ, ನಕ್ಕರೆ, ಕೊಡ ಎತ್ತಿದರೆ ಹನಿಯುವುದು ಒಂದು. ಹೊಟ್ಟೆಯ ಒತ್ತಡಕ್ಕೆ ಮೂತ್ರನಾಳದ ಬಾಯಿ ಬಿಗಿಯಾಗಿ ನಿಲ್ಲಲಾರದೆ ಆಗುವ ಸೋರಿಕೆ ಇದು. ಹೆರಿಗೆಯ ನಂತರ ಹೆಚ್ಚಾಗಿ ಕಾಣುವುದು ಇದೇ. ಒಂದಕ್ಕೆ ಹೋಗಬೇಕು ಅನ್ನಿಸಿದ ಕೂಡಲೇ ಬಚ್ಚಲು ಮುಟ್ಟುವಷ್ಟೂ ತಡೆಯಲಾಗದಿರುವುದು ಇನ್ನೊಂದು. ಅಲ್ಲಿ ಮೂತ್ರಚೀಲ ತುಂಬುವ ಮೊದಲೇ ತಾನಾಗಿ ಕುಗ್ಗುತ್ತದೆ. ಎರಡೂ ಕೂಡಿ ಬರುವುದೂ ಉಂಟು. ಉರಿ, ಜ್ವರ, ಕೆಟ್ಟ ವಾಸನೆ ಜೊತೆಗಿದ್ದರೆ ಸೋಂಕು ಇರಬಹುದು. ಮೂತ್ರ ಪರೀಕ್ಷೆ ಮಾಡಿಸಿ ಔಷಧಿ ಕೊಟ್ಟರೆ ಅದು ವಾಸಿಯಾಗುತ್ತದೆ. ಹೆರಿಗೆಯಾಗಿ ಆರು ತಾಸಾದರೂ ಮೂತ್ರವೇ ಹೋಗದಿದ್ದರೆ ಅದನ್ನು ಆಗಲೇ ಹೇಳಬೇಕು. ಚೀಲ ಮಿತಿಮೀರಿ ತುಂಬಿ ಹಿಗ್ಗಿದರೆ ಅದರ ಶಕ್ತಿ ಕುಂದುತ್ತದೆ.

“ಇನ್ನೊಂದು ಐತಿ ಅಕ್ಕಾರ, ಅದನ್ನ ಬ್ಯಾರೆ ಇಡ್ರಿ,” ಎಂದು ವೈದ್ಯೆ ದನಿ ಗಟ್ಟಿ ಮಾಡಿದರು. “ಕೆಮ್ಮಿದಾಗ ಅಲ್ಲ, ಅವಸರ ಆದಾಗ ಅಲ್ಲ. ಕುಂತರೂ ನಿಂತರೂ ಮಲಗಿದರೂ ಹಗಲೂ ರಾತ್ರಿ ಹನೀತಾನ ಇರತೈತಿ. ಅಂಥಾಕಿ ಕಂಡ್ರ ಕಸರತ್ತು ಹೇಳಿಕೊಂಡು ಕುಂದರಬ್ಯಾಡ್ರಿ. ಅವತ್ತ ಗಾಡಿ ಮಾಡಿ ದವಾಖಾನಿಗೆ ಕಳಸ್ರಿ.”

ಅದು ಫಿಸ್ಟುಲಾ. ಮಗುವಿನ ತಲೆ ದಾರಿಯಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಲೆ ಒತ್ತಿದಾಗ ಮೂತ್ರಚೀಲಕ್ಕೂ ಯೋನಿಗೂ ನಡುವಿನ ಭಾಗಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಕೆಲವು ದಿನಗಳಲ್ಲಿ ಅಲ್ಲೊಂದು ತೂತು ಬೀಳುತ್ತದೆ. ಆಸ್ಟ್ರೇಲಿಯಾದ ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಪತಿ ರೆಜಿನಾಲ್ಡ್ 1959ರಲ್ಲಿ ಇಥಿಯೋಪಿಯಾಕ್ಕೆ ಹೋದಾಗ, ಊರಿಂದ ಹೊರಗೆ ಹಾಕಲ್ಪಟ್ಟ ಇಂಥ ಹೆಂಗಸರನ್ನು ಕಂಡು ಅಲ್ಲೇ ನೆಲೆಸಿದರು. 1974ರಲ್ಲಿ ಅಡಿಸ್ ಅಬಾಬಾದಲ್ಲಿ ಫಿಸ್ಟುಲಾಕ್ಕೆಂದೇ ಆಸ್ಪತ್ರೆ ತೆರೆದರು. ಇದನ್ನು ತೊಲಗಿಸಲೆಂದು ವಿಶ್ವಸಂಸ್ಥೆ 2013ರಿಂದ ಮೇ 23ನ್ನು ಆಚರಿಸುತ್ತಿದೆ. ನಮ್ಮಲ್ಲಿ ಆಸ್ಪತ್ರೆಯ ಹೆರಿಗೆ ಹೆಚ್ಚಾದಂತೆ ಸಿಕ್ಕಿಕೊಂಡ ಹೆರಿಗೆಯ ಫಿಸ್ಟುಲಾ ಕಡಿಮೆಯಾಗಿದೆ. ಶಸ್ತ್ರಚಿಕಿತ್ಸೆಯಲ್ಲಿ, ವಿಶೇಷವಾಗಿ ಗರ್ಭಚೀಲ ತೆಗೆಯುವಾಗ, ಮೂತ್ರಚೀಲಕ್ಕೆ ಪೆಟ್ಟಾಗಿ ಬರುವ ಫಿಸ್ಟುಲಾ ಮಾತ್ರ ಈಗಲೂ ಕಾಣುತ್ತದೆ. ಎರಡನ್ನೂ ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು.

ಆಶಾ ಕಾರ್ಯಕರ್ತೆ ಮಾತನ್ನು ಹಳೆಯ ದಿನಗಳತ್ತ ತಿರುಗಿಸಿದರು. “ಮದಲ ಸೂಲಗಿತ್ತಿ ಬರತಿದ್ಲಲ್ರಿ. ಹಡಸಿ ಹೋದಾಕಿ ಮತ್ತ ದಿನಾ ಬಂದು ಕೂಸಿಗೆ, ಬಾಣಂತಿಗೆ ಎಣ್ಣಿ ಹಚ್ಚಿ ಎರೀತಿದ್ಲು. ಬಾಣಂತಿ ಮೈ ಆಕಿ ಕೈಯಾಗ ಇರತಿತ್ತು. ಹೊಲಿಗಿ ಹೆಂಗಾಗೇತಿ, ಹೊಟ್ಟಿ ಇಳದೈತೋ ಇಲ್ಲೋ ಎಲ್ಲಾ ಆಕಿಗೆ ಗೊತ್ತಾಗತಿತ್ತು. ಈಗ ಆಸ್ಪತ್ರ್ಯಾಗ ಹಡೀತಾರ, ಮೂರು ದಿನಕ್ಕ ಮನಿಗೆ ಬರತಾರ. ಆಮ್ಯಾಲೆ ತಾಯಿ ಮೈ ಯಾರು ನೋಡಬೇಕು?”

ಇದು ಸೂಲಗಿತ್ತಿಯ ಕಾಲವೇ ಚೆನ್ನಾಗಿತ್ತು ಎಂಬ ಹಳಹಳಿಕೆಯಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅಂಥ ಕೈಗುಣ ಎಲ್ಲ ಊರಿಗೂ ಸಿಕ್ಕಿರಲಿಲ್ಲ. ಸಿಕ್ಕಿಕೊಂಡ ಮಗುವಿನ ಮುಂದೆ ಸೂಲಗಿತ್ತಿಯ ಕೈ ನಡೆಯದೆ ತಾಯಂದಿರು ಸತ್ತದ್ದೂ ನಿಜ. ಇಂದು ಕರ್ನಾಟಕದ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ, ಅದು ದೊಡ್ಡ ಗೆಲುವು. ಆದರೆ ಹೆರಿಗೆ ಆಸ್ಪತ್ರೆಗೆ ಹೋದಾಗ ಬಾಣಂತನ ಮನೆಯಲ್ಲೇ ಉಳಿಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಅನುಭವಿ ಕೈ ಮರೆಯಾಯಿತು, ಆ ಜಾಗಕ್ಕೆ ಇನ್ನೊಂದು ಕೈ ಬರಲಿಲ್ಲ. ಆಶಾ ಕಾರ್ಯಕರ್ತೆಯ ಆರು ಭೇಟಿಗಳಿಗೆ ಸರ್ಕಾರ ಇಟ್ಟ ಹೆಸರೇ ನವಜಾತ ಶಿಶುವಿನ ಗೃಹಾಧಾರಿತ ಆರೈಕೆ. ಶಿಶುಮರಣ ತಗ್ಗಿಸಲು ಹುಟ್ಟಿದ ಕಾರ್ಯಕ್ರಮ ಅದು. ತಾಯಿಯ ಕೆಲವು ಅಪಾಯದ ಚಿಹ್ನೆಗಳನ್ನು ಅದು ಕೇಳುತ್ತದೆ. ಅವಳ ಮುಂದಿನ 30 ವರ್ಷಗಳ ನೆಮ್ಮದಿ ಅದರ ಲೆಕ್ಕದಲ್ಲಿಲ್ಲ.

“ನಮ್ಮ ಬಾಣಂತನದಾಗ ತಪ್ಪೇನೈತ್ರಿ ಮೇಡಮ್ಮಾರ?” ಆಶಾ ಕಾರ್ಯಕರ್ತೆಯ ದನಿಯಲ್ಲಿ ಸ್ವಲ್ಪ ಬಿಗುವಿತ್ತು. “ಹೊರಸಿನ ಕೆಳಗ ಕೆಂಡ, ಹೊಟ್ಟಿಗೆ ಪಟ್ಟಿ, ತಿನ್ನಾಕ ಅಂಟಿನುಂಡಿ, ಅಳವಿ ಪಾಯಸ. ನಮ್ಮವ್ವ, ನಮ್ಮ ಆಯಿ ಎಲ್ಲಾ ಹಿಂಗ ಮಾಡಿಸಿಕೊಂಡು ಬಂದಾರ.”

“ತಪ್ಪು ಅನ್ನಾಂಗಿಲ್ಲ. ನಲವತ್ತು ದಿನ ಭಾರ ಎತ್ತಬ್ಯಾಡ ಅಂತ ಕುಂದ್ರಸತೀರಲ್ಲ, ಅದರಷ್ಟು ಚಲೋ ಮದ್ದಿಲ್ಲ. ಅಂಟಿನುಂಡಿಯಾಗ ಕೊಬ್ಬರಿ, ಉತ್ತತ್ತಿ ಇರತಾವ, ತಿನ್ಲಿ ಬಿಡ್ರಿ. ಆದ್ರ ನೀರು ಕುಡಿಯಾಕ ಕೊಡವಲ್ರು, ಕಾಯಿಪಲ್ಲೆ ಕೊಡವಲ್ರು. ಮಲಾ ಕಲ್ಲಾಗತೈತಿ. ಆಕಿ ಮುಕ್ಕರೀತಾಳ. ಮುಕ್ಕರದಷ್ಟೂ ಆ ನುಲಿ ಮತ್ತ ಜಗ್ಗತೈತಿ. ನೀರು ಕಡಿಮಿ ಕುಡದ್ರ ಸೋರೂದು ಕಡಿಮಿ ಆಗತೈತಿ ಅಂತ ಹೆಣಮಕ್ಕಳೂ ತಿಳಕೊಂಡಾರ. ಮೂತ್ರ ಗಟ್ಟಿಯಾಗಿ ಚೀಲಾ ಕೆರಳಿಸತೈತಿ, ಉರಿ ಮೂತ್ರಾ ಬರತೈತಿ, ಅಷ್ಟ.”

“ಪಟ್ಟಿ?”

“ಸಡಿಲ ಕಟ್ಟಿದ್ರ ನಡಾಕ್ಕ ಹಿತಾ ಅನಸತೈತಿ. ಉಸರು ಕಟ್ಟೂ ಹಂಗ ಬಿಗಿದ್ರ ಹೊಟ್ಟ್ಯಾಗಿನ ಒತ್ತಡ ಎಲ್ಲಿ ಹೋಗಬೇಕು? ಕೆಳಗ ಬೀಳತೈತಿ. ಇನ್ನ ಒಲಿ ಹೊಗಿಯಿಂದ ಬರೂ ಕೆಮ್ಮು. ದಿನಕ್ಕ ನೂರು ಸಲ ಕೆಮ್ಮಿದ್ರ ನೂರು ಪೆಟ್ಟು.”

ಆಶಾ ಕಾರ್ಯಕರ್ತೆ ಬೇರೊಂದು ಲೆಕ್ಕ ಮುಂದಿಟ್ಟರು. ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು ಕೂರುವ ಭಾಗ್ಯ ಹೊಲ ಮನೆ ಇದ್ದವರಿಗೆ. ಕೂಲಿಯವರ ಮನೆಯಲ್ಲಿ ಬಾಣಂತನ ಒಂದೂವರೆ ತಿಂಗಳಿಗೆ ಮುಗಿಯುತ್ತದೆ. ಉಳ್ಳಾಗಡ್ಡಿ ಕೀಳುವ ಕಾಲ ಬಂದರೆ ಕೂಸನ್ನು ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆಗೆ ಹಾಕಿ ಕೆಲಸಕ್ಕೆ ಇಳಿಯುತ್ತಾರೆ. ಹೊಲದಲ್ಲಿ ಮರೆ ಇಲ್ಲದ್ದರಿಂದ ಮುಂಜಾನೆಯಿಂದ ಸಂಜೆಯವರೆಗೆ ಮೂತ್ರ ಕಟ್ಟಿಕೊಂಡೇ ಇರಬೇಕು. ಇಂಥವರಿಗೆ ಭಾರ ಎತ್ತಬೇಡ ಎಂದರೆ ಕೂಲಿ ಯಾರು ಕೊಡುತ್ತಾರೆ?

ವೈದ್ಯೆಯ ಬಳಿ ಇದಕ್ಕೆ ಪೂರ್ಣ ಉತ್ತರವಿರಲಿಲ್ಲ. “ಕೂಲಿ ಬಿಡಸಾಕ ನನ್ನ ಕೈಲಿ ಆಗಂಗಿಲ್ಲ ಅಕ್ಕಾರ. ಕೂಲಿಗೆ ಹೋಗೂ ಮುಂಚೆ ನುಲಿ ಬಿಗಿ ಮಾಡೂದು ಮಾತ್ರ ಹೇಳಿಕೊಡಬಹುದು.”

“ತಾನ ಹೋಗಂಗಿಲ್ಲೇನ್ರಿ ಅದು?”

ಕೆಲವರಲ್ಲಿ ಹೋಗುತ್ತದೆ. ಆದರೆ ಬ್ರಿಟನ್ ಮತ್ತು ನ್ಯೂಜಿಲೆಂಡಿನ ತಾಯಂದಿರನ್ನು ಹೆರಿಗೆಯಾಗಿ 12 ವರ್ಷಗಳವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಹೇಳಿದ ಸಂಗತಿ ಕಣ್ಣು ತೆರೆಸುವಂಥದು. ಮೂರನೇ ತಿಂಗಳಲ್ಲಿ ಸೋರಿಕೆ ಇದ್ದವರ ಪೈಕಿ ಮುಕ್ಕಾಲು ಪಾಲು ಹೆಂಗಸರಿಗೆ 12 ವರ್ಷಗಳ ನಂತರವೂ ಅದು ಇತ್ತು. ಎಂದರೆ ಮೂರನೇ ತಿಂಗಳ ಸೋರಿಕೆಯನ್ನು ಕಾದು ನೋಡೋಣ ಎಂದು ಬಿಡುವಂತಿಲ್ಲ.

ನುಲಿ ಬಿಗಿ ಮಾಡುವ ಈ ಕಸರತ್ತಿನ ಕಥೆ ಹಳೆಯದು. 1930ರ ದಶಕದಲ್ಲಿ ಬ್ರಿಟನ್ನಿನ ನೃತ್ಯಗಾತಿ, ಭೌತಚಿಕಿತ್ಸಕಿ ಮಾರ್ಗರೆಟ್ ಮಾರಿಸ್ ಬಾಣಂತಿಯರಿಗೆ ಈ ಸ್ನಾಯುಗಳನ್ನು ಬಿಗಿಯುವ ಅಭ್ಯಾಸ ಬರೆದರು. 1948ರಲ್ಲಿ ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೀಗಲ್, ಶಸ್ತ್ರಚಿಕಿತ್ಸೆಯಿಲ್ಲದೆ ಸೋರಿಕೆ ನಿಲ್ಲಿಸಬಹುದೆಂದು ತೋರಿಸಿ ತಮ್ಮ ಲೇಖನ ಪ್ರಕಟಿಸಿದರು. ಆ ಅಭ್ಯಾಸಕ್ಕೆ ಅವರ ಹೆಸರೇ ಅಂಟಿತು. ನಮ್ಮ ಹಠಯೋಗದ ಗ್ರಂಥಗಳಲ್ಲಿ ಬರುವ ಮೂಲಬಂಧದಲ್ಲೂ ಇದೇ ಜಾಗದ ಸ್ನಾಯುಗಳನ್ನು ಮೇಲಕ್ಕೆ ಸೆಳೆಯುತ್ತಾರೆ, ಅದರ ಉದ್ದೇಶ ಬೇರೆ. ಕೆಮ್ಮು, ಭಾರಕ್ಕೆ ಸೋರುವ ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನು 2018ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟು ಮಾಡಿ ನೋಡಿತು. ಕಸರತ್ತು ಮಾಡಿದವರಲ್ಲಿ ಶೇ 56 ಮಂದಿ ವಾಸಿಯಾಯಿತೆಂದರು, ಮಾಡದವರಲ್ಲಿ ಶೇ 6. ಗರ್ಭಿಣಿಯಿದ್ದಾಗಲೇ ಶುರು ಮಾಡಿದರೆ ಹೆರಿಗೆಯ ನಂತರದ ಸೋರಿಕೆಯ ಸಂಭವವೇ ತಗ್ಗುತ್ತದೆ.

“ಹೆಂಗ ಮಾಡೂದು ಹೇಳ್ರಿ ಮತ್ತ. ನಾಳೆ ನಾ ಒಬ್ಬಾಕಿಗೆ ಹೇಳಬೇಕಲ್ಲ.”

“ನಾಲ್ಕು ಮಂದಿ ನಡುವ ಕುಂತಿರತೀರಿ, ಗಾಳಿ ಹೋಗದಂಗ ಬಿಗಿ ಹಿಡೀತೀರಲ್ಲ? ಅದರ ಜೋಡಿ ಒಂದಕ್ಕ ಬಂದದ್ದನ್ನೂ ತಡದಂಗ ಮಾಡ್ರಿ. ಕೆಳಗಿಂದ ಒಳಗ, ಮ್ಯಾಲಕ್ಕ ಎಳಕೊಂಡಂಗ ಆಗತೈತಿ. ಅದ ಜಾಗ. ಉಸರು ಬಿಗಿ ಹಿಡೀಬಾರದು. ಕುಂಡಿ, ತೊಡಿ, ಹೊಟ್ಟಿ ಬಿಗೀಬಾರದು. ಮದಲ ಎರಡು ಮೂರು ಎಣಸೂ ತನಕ ಹಿಡೀರಿ, ಅಷ್ಟ ಹೊತ್ತು ಬಿಡ್ರಿ. ಬರಬರತ ಹತ್ತು ಎಣಸೂ ತನಕ ಹೋಗ್ರಿ. ಒಮ್ಮೆಗೆ ಎಂಟು ಸಲ, ದಿನಕ್ಕ ಮೂರು ಹೊತ್ತು, ಕಡಿಮಿ ಅಂದ್ರ ಮೂರು ತಿಂಗಳು.”

“ಮೂರು ಹೊತ್ತು ಯಾರಿಗೆ ಪುರಸೊತ್ತು ಐತ್ರಿ?”

“ಪುರಸೊತ್ತು ಬೇಡೂದಿಲ್ಲ ಇದು. ರೊಟ್ಟಿ ಬಡೀವಾಗ ಮಾಡ್ರಿ. ಕೂಸಿಗೆ ಹಾಲು ಕುಡಸೂ ಮುಂದ ಮಾಡ್ರಿ. ಎದುರಿಗೆ ಕುಂತಾಕಿಗೂ ಗೊತ್ತಾಗಂಗಿಲ್ಲ.”

ಇದರಲ್ಲೂ ಒಂದು ಎಚ್ಚರವಿದೆ. 1991ರ ಅಮೆರಿಕದ ಅಧ್ಯಯನವೊಂದರಲ್ಲಿ, ಬರೀ ಬಾಯಿಮಾತಲ್ಲಿ ಹೇಳಿಸಿಕೊಂಡವರ ಪೈಕಿ ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಬಿಗಿದರು. ನಾಲ್ಕನೇ ಒಂದರಷ್ಟು ಮಂದಿ ಒಳಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕರಿದರು, ಅದರಿಂದ ಸೋರಿಕೆ ಹೆಚ್ಚಾಗಬಹುದು. ಆದ್ದರಿಂದ ಒಮ್ಮೆಯಾದರೂ ದಾದಿಯೋ ವೈದ್ಯೆಯೋ ಪರೀಕ್ಷಿಸಿ ಸರಿಯಾಗಿದೆ ಎಂದು ಹೇಳುವುದು ಒಳ್ಳೆಯದು. ಮೂತ್ರ ಹೊಯ್ಯುವಾಗ ನಡುವೆ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ತಪ್ಪು, ಅದರಿಂದ ಚೀಲ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಇನ್ನೊಂದು ಉಪಾಯ ಇನ್ನೂ ಸರಳ. ಕೆಮ್ಮು, ಸೀನು ಬರುವ ಮುಂಚೆ, ಕೊಡ ಎತ್ತುವ ಮುಂಚೆ ಒಮ್ಮೆ ಬಿಗಿದುಕೊಳ್ಳುವುದು. 1998ರಲ್ಲಿ ಮಿಷಿಗನ್ನಿನ ಸಂಶೋಧಕರು ಇದನ್ನು ವಯಸ್ಸಾದ ಹೆಂಗಸರಿಗೆ ಕಲಿಸಿ ಒಂದು ವಾರದ ನಂತರ ಅಳೆದಾಗ, ಸಾಧಾರಣ ಕೆಮ್ಮಿನ ಸೋರಿಕೆ ಸರಾಸರಿ ಶೇ 98, ಜೋರು ಕೆಮ್ಮಿನದು ಶೇ 73 ತಗ್ಗಿತ್ತು. ಬುಟ್ಟಿ ಹೊರದೆ ಗತಿಯಿಲ್ಲದ ಕೂಲಿ ಹೆಣ್ಣುಮಗಳಿಗೆ ವೈದ್ಯೆ ಕೊಡಬಲ್ಲ ಅತ್ಯಂತ ಪ್ರಾಯೋಗಿಕ ಮಾತು ಇದು.

ಕಸರತ್ತಿನ ಮಾತು ಮುಗಿಯುವ ಹೊತ್ತಿಗೆ ಆಶಾ ಕಾರ್ಯಕರ್ತೆ ತಮ್ಮ ಊರುಗಳಲ್ಲಿ ನಡೆಯುವ ಇನ್ನೊಂದು ಚಿಕಿತ್ಸೆಯ ಮಾತು ತೆಗೆದರು. “ನಮ್ಮ ಕಡೆ ಹೆಣಮಕ್ಕಳು ಬಿಳಿ ಹೋಗತೈತಿ, ನಡಾ ನೋಯಿಸತೈತಿ, ಒಂದಕ್ಕ ತಡಿಯಾಕ ಆಗವಲ್ದು ಅಂದ್ರ ಗರ್ಭಚೀಲಾನ ತಗಸಿಬಿಡತಾರ್ರಿ. ಮಕ್ಕಳಾಗ್ಯಾವ, ಆಪರೇಶನ್ ಆಗೇತಿ, ಇನ್ನೇನು ಕೆಲಸ ಐತಿ ಅದರದು, ಅಂತಾರ. ತಾಂಡಾದಾಗಂತೂ ಮೂವತ್ತು ದಾಟೂದರಾಗ ತಗಿಸಿಕೊಂಡವ್ರು ಅದಾರ.”

ಕಲಬುರಗಿ ಜಿಲ್ಲೆಯಲ್ಲಿ 2015ರ ಸುಮಾರಿಗೆ ಈ ಚಾಳಿ ದೊಡ್ಡ ಹಗರಣವಾಗಿಯೇ ಹೊರಬಿತ್ತು. ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಚಿಕ್ಕ ವಯಸ್ಸಿನ ಹೆಂಗಸರು ಬೆನ್ನುನೋವು, ಬಿಳಿಮುಟ್ಟು ಎಂದು ಹೋದರೆ, ಕ್ಯಾನ್ಸರ್ ಆದೀತೆಂದು ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಚೀಲ ತೆಗೆದ ದೂರುಗಳು ಬಂದವು. ಹೆಂಗಸರು ಬೀದಿಗಿಳಿದರು, ತನಿಖೆಯಾಯಿತು. ಗದಗಿನ ಪಕ್ಕದ ಹಾವೇರಿ ಜಿಲ್ಲೆಯಿಂದಲೂ ಮುಂದೆ ಇಂಥ ದೂರು ಕೇಳಿಬಂತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ಸೂಚಿಸಿತು.

“ಸೋರೂದು ಗರ್ಭಚೀಲದಿಂದ ಅಲ್ಲ ಅಕ್ಕಾರ. ಅದನ್ನ ತಗದ್ರ ಸೋರೂದು ನಿಂದ್ರಂಗಿಲ್ಲ, ಕೆಲವರಿಗೆ ಹೆಚ್ಚಾಗತೈತಿ. ಯಾರರ ಒಂದಕ್ಕ ಹಿಡಿತ ಇಲ್ಲ ಅಂತ ಹೋದಾಕಿಗೆ ಚೀಲ ತಗಸು ಅಂದ್ರ ಅಲ್ಲಿಂದ ಎದ್ದು ಬರಾಕ ಹೇಳ್ರಿ. ಎರಡನೇ ಡಾಕ್ಟರ ಮಾತು ಕೇಳಲಿ.”

ಮೂರು ತಿಂಗಳ ಕಸರತ್ತಿನಿಂದಲೂ ಗುಣವಾಗದಿದ್ದರೆ ಮುಂದಿನ ದಾರಿಗಳಿವೆ. ಅವಸರದ ಸೋರಿಕೆಗೆ ಹೊತ್ತು ನೋಡಿ ಮೂತ್ರಕ್ಕೆ ಹೋಗುತ್ತ ನಡುವಿನ ಅಂತರವನ್ನು ನಿಧಾನಕ್ಕೆ ಹೆಚ್ಚಿಸುವ ತರಬೇತಿ, ಬೇಕಾದರೆ ಮಾತ್ರೆ. ಗರ್ಭಚೀಲ ಜಾರಿದ್ದರೆ ಒಳಗೆ ಇಡುವ ಸಿಲಿಕೋನ್ ಬಳೆ. ಕೆಮ್ಮಿನ ಸೋರಿಕೆ ತೀವ್ರವಾಗಿದ್ದರೆ ಮೂತ್ರನಾಳಕ್ಕೆ ಆಸರೆ ಕೊಡುವ ಶಸ್ತ್ರಚಿಕಿತ್ಸೆ. ಇನ್ನೂ ಮಕ್ಕಳು ಬೇಕೆನ್ನುವವರಿಗೆ ಇಂಥ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ. ಸಿಂಗಟಾಲೂರಿನವರಿಗೆ ಮೊದಲ ಮೆಟ್ಟಿಲು ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಮುಂಡರಗಿ ತಾಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ತಪಾಸಣೆ ಇರುತ್ತದೆ. ಕಸರತ್ತು ಕಲಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ.

ಹೆಣ್ಣಿನ ದೇಹದ ಬಗ್ಗೆ ಕನ್ನಡದಲ್ಲಿ ಮುಚ್ಚುಮರೆಯಿಲ್ಲದೆ ಬರೆದ ವೈದ್ಯೆ ಲೇಖಕಿ ಅನುಪಮಾ ನಿರಂಜನ ತೀರಿಕೊಂಡು ಮೂರು ದಶಕ ಕಳೆದಿವೆ. ಮುಟ್ಟಿನ ಬಗ್ಗೆ ಈಗ ಶಾಲೆಗಳಲ್ಲೂ ಮಾತಾಡುತ್ತಾರೆ. ಮೂತ್ರದ ಬಗ್ಗೆ ಇನ್ನೂ ಇಲ್ಲ. ಆಶಾ ಕಾರ್ಯಕರ್ತೆ ತಮ್ಮ ಕಣ್ಣಿಗೆ ಬಿದ್ದದ್ದನ್ನು ಈಗ ಜೋಡಿಸಿಕೊಳ್ಳುತ್ತಿದ್ದರು. 2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಊರಿನ ಹೆಂಗಸರೆಲ್ಲ ಬಸ್ಸು ಹತ್ತಿ ಗುಡಿ ಗುಂಡಾರ ಸುತ್ತಿದರೂ ಕೆಲವರು ಮಾತ್ರ ಏನೋ ನೆಪ ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಬಸ್ಸು ನಡುವೆ ನಿಲ್ಲುವುದಿಲ್ಲ. ಜಾತ್ರೆಗೆ ಬಂದರೂ ಕೆಲವರು ಗುಡಿಯ ಒಳಗೆ ಕಾಲಿಡುವುದಿಲ್ಲ, ಹಸಿಯಾದ ಸೀರೆ ಮೈಲಿಗೆ ಎಂಬ ಅಳುಕು. ಗಂಡನ ಪಕ್ಕದಲ್ಲಿ ಮಲಗಲು ಹಿಂಜರಿಯುತ್ತಾರೆ, ಜಗಳವಾಗುತ್ತದೆ. “ಇವರೆಲ್ಲಾರದೂ ಕಾರಣ ಇದ ಅಂತ ನಾ ಹೇಳಂಗಿಲ್ರಿ. ಆದ್ರ ಕೆಲವರದು ಇದ ಇರಬೇಕು.”

ಫ್ರಾನ್ಸ್‌ನಲ್ಲಿ ಹೆರಿಗೆಯಾದ ಹೆಣ್ಣಿಗೆ ಶ್ರೋಣಿಯ ತಳದ ಸ್ನಾಯುಗಳ ಪುನಶ್ಚೇತನದ ತರಬೇತಿಯನ್ನು ವೈದ್ಯರೇ ಬರೆದುಕೊಡುತ್ತಾರೆ, ಖರ್ಚು ಸಾರ್ವಜನಿಕ ಆರೋಗ್ಯ ವಿಮೆಯದು. ಗದಗ ಜಿಲ್ಲೆಯ ಪ್ರತಿ ಹೋಬಳಿಗೂ ಭೌತಚಿಕಿತ್ಸಕಿ ಬರುವುದು ಸದ್ಯಕ್ಕೆ ದೂರದ ಮಾತು. ಆದರೆ 42ನೇ ದಿನದ ಭೇಟಿ ಈಗಾಗಲೇ ಇದೆ, ಅದಕ್ಕೆ ಹೊಸ ಹುದ್ದೆಯೂ ಬೇಡ, ಹೊಸ ಕಟ್ಟಡವೂ ಬೇಡ.

“ಅತ್ತಿನ ಹೊರಗ ಕಳಿಸಿ ಕೇಳ್ರಿ,” ಎಂದರು ವೈದ್ಯೆ. “ಕೆಮ್ಮಿದಾಗ, ನಕ್ಕಾಗ ಹಸಿ ಆಗತೈತೇನು? ಒಂದಕ್ಕ ಬಂದ್ರ ಬಚ್ಚಲಕ್ಕ ಹೋಗೂ ತನಕ ತಡಿಯಾಕ ಆಗತೈತೇನು? ಹಗಲೂ ರಾತ್ರಿ ಹನೀತಾನ ಇರತೈತೇನು? ಮೂರ ಮಾತು.”

“ಅತ್ತಿನ ಹೊರಗ ಕಳಸೂದ ತ್ರಾಸು ನೋಡ್ರಿ,” ಎಂದು ನಕ್ಕರು ಆಶಾ ಕಾರ್ಯಕರ್ತೆ. “ಅದಕ್ಕಿಂತ ಅತ್ತಿಗೂ ಕೂಡೇ ಕೇಳತೀನಿ ಬಿಡ್ರಿ.”

ಅದು ಸರಿಯಾದ ನಿರ್ಧಾರ. ಸರ್ಕಾರ ಈ ಮೂರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರ ಭೇಟಿಯ ನಮೂನೆಗೆ ಸೇರಿಸಬೇಕು, ಉತ್ತರ ಹೌದು ಎಂದಾದರೆ ಎಲ್ಲಿಗೆ ಕಳಿಸಬೇಕೆಂಬುದನ್ನೂ ಅದರಲ್ಲೇ ಬರೆಯಬೇಕು. ಅಲ್ಲಿಯವರೆಗೆ ಬಾಣಂತಿ ಇರುವ ಮನೆಯವರೇ ಕೇಳಬಹುದು. ಹೆರಿಗೆಯಾಗಿ ಮೂರು ತಿಂಗಳಾದರೂ ಹಿಡಿತ ಬಾರದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಹಗಲಿರುಳು ಹನಿಯುತ್ತಿದ್ದರೆ ಮೂರು ತಿಂಗಳು ಕಾಯದೆ ಅಂದೇ ಕರೆದುಕೊಂಡು ಹೋಗಿ. ಸೊಸೆಯನ್ನು ಕರೆದೊಯ್ಯುವ ಅತ್ತೆ, 30 ವರ್ಷಗಳಿಂದ ತಾನೂ ಅನುಭವಿಸುತ್ತಿದ್ದರೆ, ಅವಳ ಚೀಟಿಯ ಜೊತೆಗೆ ತನ್ನ ಹೆಸರಿನದೂ ಒಂದು ಚೀಟಿ ಮಾಡಿಸಲಿ. ಆ ವಯಸ್ಸಿನಲ್ಲೂ ಕಸರತ್ತು ಫಲ ಕೊಡುತ್ತದೆ.